ಗಟ್ಟಿನ ಮೇಲೆ ಇಟ್ಟು ಬಂದ ಆಣೆ

ನಾನು ಉಗ್ರವಾದಿಗಳನ್ನು ಮಾತಾಡಿಸಿ ಹೊಟ್ಟೆ ಹೊರೆಯುವವಳು. ಹೀಗೆಂದರೆ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ ಎಂದು ಗೊತ್ತಿದ್ದೂ ಹೀಗೆಯೇ ಹೇಳುತ್ತೇನೆ. ಯಾಕೆಂದರೆ ಸಾಮಾಜಿಕ ಮನೋವಿಜ್ಞಾನಿ ಎಂದರೆ ಅದೇ ಜನ ಒಂದು ಹೆಜ್ಜೆ ಮುಂದೆ ಬಂದು, “ಹಂಗಾರೆ ಈಗ ನನ್ ಮನಸ್ಸಲ್ಲಿ ಏನೈತೆ ಹೇಳು ನೋಡಾಣ” ಎಂದು ಪೀಡಿಸುತ್ತಾರೆ. ಚಳ್ಳಕೆರೆಯಲ್ಲಿ ನಮ್ಮ ಎಣ್ಣೆ ಮಿಲ್ಲಿನ ಪಕ್ಕದ ಹಾರ್ಡ್‌ವೇರ್ ಅಂಗಡಿಯವರಂತೂ ನನ್ನನ್ನು ಕಂಡಾಗಲೆಲ್ಲ ಕೇಳುವುದು ಅದನ್ನೇ. ರೋಸಿ ಹೋಗಿ ಒಮ್ಮೆ, “ಈ ಗಿರಾಕಿ ತೊಲಗಿದ್ರೆ ಸಾಕು ಅಂತ ಐತೆ” ಎಂದೆ. ಅಲ್ಲೇ ನಿಂತಿದ್ದ ಗಿರಾಕಿಯ ಮುಂದೆಯೇ ಅವರು ತೊಡೆ ತಟ್ಟಿಕೊಂಡು, “ಕರೆಕ್ಟಾಗಿ ಹೇಳ್ತಾಳೆ ನೋಡ್ರಿ!” ಎಂದರು. ಅಂದಿನಿಂದ ಪೇಟೆಯಲ್ಲಿ ನನ್ನ ವಿದ್ವತ್ತಿನ ಬಗ್ಗೆ ಯಾರಿಗೂ ಅನುಮಾನ ಉಳಿದಿಲ್ಲ.

ಕೆಲಸ ಹೇಳುವುದಕ್ಕೆ ದೊಡ್ಡದು, ಮಾಡುವುದಕ್ಕೆ ಜೈಲಿನ ಬೆಂಚಿನ ಮೇಲೆ ಕೂತು ಟೀ ಕುಡಿಯುವುದು. ಎದುರಿಗೆ ಅಂಗಡಿ ಸುಟ್ಟವನೋ, ನಾಯಕನೊಬ್ಬನ ಹೆಸರಿನಲ್ಲಿ ಸಾಯಲು ಹೊರಟು ಪೊಲೀಸರ ದಯೆಯಿಂದ ಬದುಕಿದವನೋ ಇರುತ್ತಾನೆ. ಧರ್ಮ, ದೇಶ, ಭಾಷೆ ಎಂದು ಗಂಟಲು ಹರಿಯುವಂತೆ ಶುರುಮಾಡಿದವನು ಎರಡನೇ ಟೀ ಬರುವ ಹೊತ್ತಿಗೆ, ಮಾವನ ಮನೆಯ ಗೃಹಪ್ರವೇಶದಲ್ಲಿ ತನಗೊಂದು ಚೇರು ಹಾಕಲಿಲ್ಲ ಎನ್ನುವಲ್ಲಿಗೆ ಬಂದಿರುತ್ತಾನೆ. ಆ ಚೇರಿನ ಮೇಲೆಯೇ ನಾನು ನನ್ನ ಇಡೀ ವೃತ್ತಿ ಕಟ್ಟಿಕೊಂಡಿದ್ದೇನೆ. ಲೆಕ್ಕಕ್ಕಿಲ್ಲದವನಾದೆ ಎಂದು ಮನುಷ್ಯನಿಗೆ ಅನ್ನಿಸಿದಾಗ, ಯಾವುದೋ ಒಂದು ಗುಂಪು ಕರೆದು ಚೇರು ಹಾಕಿ ಶಾಲು ಹೊದಿಸಿದರೆ, ಅವನು ಆ ಗುಂಪಿಗಾಗಿ ಏನು ಬೇಕಾದರೂ ಮಾಡುತ್ತಾನೆ. ಇದನ್ನೇ ದೊಡ್ಡ ದೊಡ್ಡ ಶಬ್ದಗಳಲ್ಲಿ ಬರೆದು ಪ್ರೊಫೆಸರ್ ಆದೆ.

ಅವ್ವನಿಗೆ ನನ್ನ ಕೆಲಸವನ್ನು ಬೇರೆಯವರಿಗೆ ವಿವರಿಸುವ ಚಾಳಿ ಇತ್ತು. ನನ್ನನ್ನು ನೋಡಲು ಬಂದಿದ್ದ ಗಂಡಿನ ಕಡೆಯವರ ಮುಂದೆ, “ಹುಡುಗಿ ಟೆರರಿಸ್ಟ್‌ಗಳ ಜತೆ ಇದಾಳ್ರೀ. ಸರ್ಕಾರದ ಸಂಬಳ, ಪೆನ್ಷನ್ನೂ ಐತೆ” ಎಂದಳು. ಅವರು ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದರು. ಗಂಡು ನನಗೂ ಅಷ್ಟಕ್ಕಷ್ಟೇ ಇದ್ದ ಕಾರಣ ಆ ಉಪ್ಪಿಟ್ಟನ್ನು ನಾನೂ ಅಣ್ಣನೂ ಖುಷಿಯಿಂದ ಖಾಲಿ ಮಾಡಿದೆವು. ನನಗೆ ಮದುವೆಯಾಗಲಿಲ್ಲ. ಅದರ ಬಗ್ಗೆ ಈಗ ಅವ್ವನನ್ನು ಬಿಟ್ಟು ಇನ್ನಾರಿಗೂ ಬೇಸರವಿಲ್ಲ.

ಅವ್ವನ ತವರು ರಾಂಪುರದಿಂದ ಒಳಕ್ಕೆ, ಆಂಧ್ರದ ಗಡಿಯ ಹತ್ತಿರದ ಹಳ್ಳಿ. ಅಲ್ಲಿ ಜಗಳ ತೆಲುಗಿನಲ್ಲಿ, ರಾಜಿ ಕನ್ನಡದಲ್ಲಿ. ಅಪ್ಪ ತೀರಿಕೊಂಡ ಮೇಲೆ ಮಿಲ್ಲಿನ ಮೇಲಿನ ಮನೆಯಲ್ಲಿ ಅಣ್ಣ, ಅತ್ತಿಗೆ ಇಬ್ಬರನ್ನೂ ಅವ್ವ ಎರಡೂ ಭಾಷೆಯಲ್ಲಿ ಆಳುತ್ತಿದ್ದಳು. ಸಕ್ಕರೆ ಕಾಯಿಲೆ ಬಹಳ ಕಾಲದಿಂದಲೂ ಇತ್ತು. ಒಂದು ಮಾತ್ರೆ ನುಂಗಿದೆನಲ್ಲ ಎಂಬ ಧೈರ್ಯದಲ್ಲಿ ಒಂದು ಹೋಳಿಗೆಯನ್ನೂ ತಿನ್ನುತ್ತಿದ್ದಳು. ಹೇಗೋ ಸಾಗಿತ್ತು.

ಅಷ್ಟರಲ್ಲಿ ಗುರೂಜಿ ಬಂದ. ಎಲ್ಲಿಂದ ಬಂದನೋ ಯಾರಿಗೂ ಗೊತ್ತಿಲ್ಲ. ಬಿಳೀ ಜುಬ್ಬಾ, ಒಳ್ಳೇ ಹಲ್ಲು. ಮಾತ್ರೆಗಳೆಲ್ಲ ವಿಷ, ದೇಹ ತನ್ನನ್ನು ತಾನೇ ವಾಸಿ ಮಾಡಿಕೊಳ್ಳುತ್ತದೆ, ಯಾವುದೋ ಎಲೆ ನೆನೆಸಿದ ನೀರು ಕುಡಿದರೆ ಸಾಕು ಎನ್ನುವುದು ಅವನ ಬೋಧನೆ. ಕಲ್ಯಾಣಮಂಟಪದಲ್ಲಿ ಸಭೆ ಮಾಡಿದ. ಪಕ್ಕದ ಮನೆಯವರ ಜೊತೆ ಸುಮ್ಮನೆ ನೋಡಿ ಬರುತ್ತೇನೆ ಎಂದು ಹೋದ ಅವ್ವ, ಹೆಗಲ ಮೇಲೆ ಒಂದು ಶಾಲು ಹಾಕಿಕೊಂಡು ಬಂದಳು. ಬಂದವಳೇ ಮಾತ್ರೆಯ ಡಬ್ಬಿಯನ್ನು ತಿಪ್ಪೆಗೆ ಎಸೆದಳು. ವಾರ ಕಳೆಯುವುದರೊಳಗೆ ಅವರ ವಾಟ್ಸಾಪ್ ಗ್ರೂಪಿನ ಹೆಂಗಸರ ವಿಭಾಗಕ್ಕೆ ಅವ್ವನೇ ಅಡ್ಮಿನ್. ಬೆಳಗಾಗುತ್ತಿದ್ದಂತೆ, “ಎದ್ರೇನ್ರವ್ವಾ? ಎಲೆ ನೀರು ಕುಡಿದ್ರಾ?” ಎಂಬ ಅವಳ ಧ್ವನಿ ಅರ್ಧ ಚಳ್ಳಕೆರೆಯ ಅಡುಗೆಮನೆಗಳಲ್ಲಿ ಕೇಳಿಸುತ್ತಿತ್ತಂತೆ.

ಅಣ್ಣ ಫೋನ್ ಮಾಡಿದ. “ನಿನ್ ಸಬ್ಜೆಕ್ಟು ನಮ್ಮನೇಗೇ ಬಂದೈತೆ ಕಣೇ. ಬೇಗ ಬಾ.”

ಅವನು ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ದೊಡ್ಡಉಳ್ಳಾರ್ತಿ ಕಡೆಯ ಹುಲ್ಲುಗಾವಲಿನಲ್ಲಿ ಗೋಡೆ ಕಟ್ಟಿಕೊಂಡಿರುವ ವಿಜ್ಞಾನಿಗಳು ಒಳಗೆ ಏನು ಮಾಡುತ್ತಾರೋ ನನ್ನ ಕೆಲಸವೂ ಅಂಥದ್ದೇ, ಯಾರಿಗೂ ಅರ್ಥವಾಗಬಾರದು ಎಂದೇ ಮಾಡುವಂಥದ್ದು ಎಂದು ಅವನು ಮೊದಲಿನಿಂದಲೂ ಆಡಿಕೊಳ್ಳುತ್ತಿದ್ದ. ಆದರೆ ಈ ಸಲ ಅವನ ಧ್ವನಿಯಲ್ಲಿ ನಗು ಇರಲಿಲ್ಲ. ಅವ್ವನ ಎಡಗಾಲಿನ ಕಿರುಬೆರಳಿಗೆ ಚಪ್ಪಲಿ ಕಚ್ಚಿ ಆದ ಗಾಯ ಮಾಯುತ್ತಿರಲಿಲ್ಲ. ಡಾಕ್ಟರು ನೋಡಿ, ಸಕ್ಕರೆ ಇಳಿಯದಿದ್ದರೆ ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲು ಎಂದು ಬಸ್ ಸ್ಟಾಪುಗಳ ಹೆಸರು ಓದಿದಂತೆ ಹೇಳಿದ್ದರು. ಅವ್ವ ಅವರಿಗೆ ಎಲೆಯ ಪೊಟ್ಟಣ ಕೊಟ್ಟು, ನೀವೂ ಕುಡೀರಿ, ಮುಖ ಬಾಡೈತೆ ಎಂದು ಬಂದಿದ್ದಳು.

ಪೊಲೀಸ್ ಅಧಿಕಾರಿಗಳಿಗೆ ನಾನು ಹೇಳಿಕೊಡುವ ಮೊದಲ ಪಾಠವೇ, ಇಂಥವರ ಜೊತೆ ವಾದಕ್ಕಿಳಿಯಬೇಡಿ, ವಾದ ಮಾಡಿದಷ್ಟೂ ಬಿಗಿಯಾಗುತ್ತಾರೆ ಎನ್ನುವುದು. ಆ ಪಾಠ ನಮ್ಮ ಮನೆಯ ಮೆಟ್ಟಿಲು ಹತ್ತುವ ತನಕ ನನ್ನ ಜೊತೆ ಇತ್ತು. ಆಮೇಲೆ ಮಧ್ಯಾಹ್ನದವರೆಗೆ ನಾನು ಬಾಯಿ ಬಡಿದುಕೊಂಡ ರಭಸಕ್ಕೆ ಕೆಳಗೆ ಮಿಲ್ಲಿನಲ್ಲಿ ಶೇಂಗಾ ಸುರಿಯುತ್ತಿದ್ದ ಹಮಾಲರು ಕೆಲಸ ನಿಲ್ಲಿಸಿ ನಿಂತಿದ್ದರಂತೆ. ನಿನಗೆ ತಲೆ ನೆಟ್ಟಗಿದೆಯೇನೇ, ಕಾಲು ಕಳ್ಕೊಂಡು ಗುರೂಜಿ ಮನೆಗೆ ಕುಂಟಿಕೊಂಡು ಹೋಗ್ತೀಯಾ ಎಂದೆಲ್ಲ ಕೂಗಿದೆ. ಅವ್ವ ಶಾಂತವಾಗಿ ಅವರೆಕಾಯಿ ಬಿಡಿಸುತ್ತ, “ಆ ಟೆರರಿಸ್ಟ್‌ಗಳ ಹತ್ರಾನೂ ಹಿಂಗೇ ಕೂಗ್ತೀಯಾ? ಪಾಪ ಅವು” ಎಂದಳು.

ಕೂಗಿ ಸುಸ್ತಾದ ಮೇಲೆ ನನ್ನ ವಿದ್ಯೆ ನೆನಪಾಯಿತು. ಚೇರು! ಅವ್ವನ ಚೇರು ಎಲ್ಲಿ ಕಳೆದುಹೋಗಿತ್ತು? ಹುಡುಕುವುದು ಕಷ್ಟವಾಗಲಿಲ್ಲ. ಮೊದಲೆಲ್ಲ ನಮ್ಮ ನೆಂಟರಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ರೇಷ್ಮೆ ಸೀರೆ ತೆಗೆಯಲು ಮೊಳಕಾಲ್ಮೂರಿಗೆ ಹೊರಟರೆ ಮುಂದಿನ ಸೀಟು ಅವ್ವನದು. ನೇಯುವವರ ಮನೆಯ ಚಾಪೆಯ ಮೇಲೆ ಕೂತು, ಸೆರಗನ್ನು ಬೆಳಕಿಗೆ ಹಿಡಿದು, ತೆಲುಗಿನಲ್ಲಿ ಚೌಕಾಸಿ ಮಾಡಿ ಅವಳು ಹೂಂ ಎಂದರೆ ಮಾತ್ರ ಸೀರೆ ಗಂಟಿಗೆ ಸೇರುತ್ತಿತ್ತು. ಈಗ ಎಲ್ಲರೂ ಮೊಬೈಲಿನಲ್ಲಿ ಫೋಟೋ ನೋಡಿ ತರಿಸುತ್ತಾರೆ. ಅವ್ವನನ್ನು ಕರೆಯುವವರಿಲ್ಲ. ನನ್ನ ಸಿದ್ಧಾಂತಕ್ಕೆ ಅಳತೆ ಕೊಟ್ಟು ಹೊಲಿಸಿದಂತಿತ್ತು.

ಚಿಕ್ಕಪ್ಪನ ಮೊಮ್ಮಗಳ ಮದುವೆ ಗೊತ್ತಾಗಿತ್ತು. ಕೈಕಾಲು ಹಿಡಿದು ಅವರನ್ನು ಒಪ್ಪಿಸಿ, ಅವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಮೊಳಕಾಲ್ಮೂರಿಗೆ ಹೋದೆವು. ಅವ್ವ ಮಹಾರಾಣಿಯ ಹಾಗೆ ಕೂತಳು. ನೇಯುವವರ ಮನೆಯಲ್ಲಿದ್ದ ಸೀರೆಯನ್ನೆಲ್ಲ ಬಿಚ್ಚಿಸಿದಳು, ಅವರ ಅಜ್ಜನ ಹೆಸರು ಹಿಡಿದು ಅವರನ್ನು ಬೈದಳು, ಅವರು ಖುಷಿಯಿಂದ ಬೈಸಿಕೊಂಡರು. ಬರುವಾಗ ಮಂಡಕ್ಕಿ ಮೆಣಸಿನಕಾಯಿ ತಿಂದು, ಇಂಥ ದಿನ ಬಂದು ಎಷ್ಟು ಕಾಲವಾಯಿತು ಎಂದು ನನ್ನ ಕೆನ್ನೆ ಹಿಂಡಿದಳು. ನಾನು ಮನಸ್ಸಿನಲ್ಲೇ ಒಂದು ಪ್ರಬಂಧ ಬರೆದು ಮುಗಿಸಿದ್ದೆ. ಮನೆಗೆ ಬಂದು ಮೆತ್ತಗೆ ಮಾತ್ರೆ ಮುಂದೆ ಹಿಡಿದೆ.

“ಸೀರೆಗೂ ಮಾತ್ರೆಗೂ ಏನೇ ಸಂಬಂಧ?” ಎಂದಳು ಅವ್ವ. ಎಲೆ ನೀರು ಕುಡಿದು ಮಲಗಿದಳು.

ಅಣ್ಣನಿಗೆ ನನ್ನ ಸಿದ್ಧಾಂತದ ಮೇಲೆ ಇದ್ದ ಅಷ್ಟಿಷ್ಟು ಗೌರವವೂ ಅಂದೇ ಹೋಯಿತು. ನಾನು ಕೆಲಸಕ್ಕೆ ವಾಪಸಾದ ಮೇಲೆ ಅವನು ತನ್ನದೇ ಸಿದ್ಧಾಂತ ಹೂಡಿದ. ಮಾತ್ರೆಯನ್ನು ಕುಟ್ಟಿ ಶೇಂಗಾ ಚಟ್ನಿಪುಡಿಯಲ್ಲಿ ಬೆರೆಸಿ ರೊಟ್ಟಿಯ ಜೊತೆ ಬಡಿಸಿದ. ಎರಡನೇ ತುತ್ತಿಗೇ ಅವ್ವನಿಗೆ ಕಹಿ ಗೊತ್ತಾಯಿತು. ಬಚ್ಚಲಿಗೆ ಓಡಿ ಗಂಟಲಿಗೆ ಬೆರಳು ಹಾಕಿ ಎಲ್ಲ ಕಕ್ಕಿದಳು. ಅಷ್ಟು ವಯಸ್ಸಾದ ಮಗನಿಗೆ ರಪ್ಪೆಂದು ಹೊಡೆದಳು. ಹೊಡೆದು, ಗೋಡೆಗೆ ಒರಗಿ ಗೊಳೋ ಎಂದು ಅತ್ತಳಂತೆ. ಮಾತ್ರೆ ತಿನ್ನಿಸಿದರೆ ಯಾರಾದರೂ ಹಾಗೆ ಅಳುತ್ತಾರಾ ಎಂದು ಅತ್ತಿಗೆಗೂ ಅರ್ಥವಾಗಲಿಲ್ಲ.

ಅದೇ ಹೊತ್ತಿಗೆ ನಾನು ದೂರದ ಊರೊಂದರಲ್ಲಿ, ಉಗ್ರವಾದ ತಡೆಯುವುದರಲ್ಲಿ ಕುಟುಂಬದ ಪಾತ್ರ ಎಂಬ ವಿಷಯದ ಮೇಲೆ ಭಾಷಣ ಮಾಡುತ್ತ ವೇದಿಕೆಯ ಮೇಲಿದ್ದೆ. ಹೌದು, ಅದೇ ವಿಷಯ. ಫೋನು ಬಿಟ್ಟೂ ಬಿಡದೆ ನಡುಗುತ್ತಿತ್ತು. ಅವ್ವನಿಗೇ ಏನೋ ಆಗಿದೆ ಎಂದು ಪಕ್ಕಕ್ಕೆ ಸರಿದು ಎತ್ತಿದೆ.

“ಎಲ್ಲಿದೀಯಾ? ಹುಷಾರಾಗಿದೀಯಾ? ಕೂತಿದೀಯಾ, ನಿಂತಿದೀಯಾ?”

“ಅವ್ವ, ಸ್ಟೇಜ್ ಮೇಲಿದೀನಿ.”

“ಮೇಲೆ ಫ್ಯಾನೈತಾ? ಅದ್ರ ಕೆಳಗಿಂದ ಈಚೆ ಬಾ. ಬಾರೇ ಅಂದ್ರೆ!”

ಸಭೆಯಲ್ಲಿದ್ದವರು ನನ್ನನ್ನೇ ನೋಡುತ್ತಿದ್ದರು. ಫೋನು ಆಫ್ ಮಾಡಿದೆ. ಸಂಜೆ ನೋಡಿದರೆ ಅವ್ವನ ಕರೆಗಳ ಸಾಲೇ ಸಾಲು. ಸಕ್ಕರೆ ತಲೆಗೆ ಏರಿದೆ, ಪಾಪ ಎಂದುಕೊಂಡೆ.

ಮುಂದಿನ ಸಲ ಊರಿಗೆ ಬಂದಾಗ ಬೆರಳು ಕಪ್ಪಾಗಿತ್ತು. ಬ್ಯಾಂಡೇಜು ಬಿಚ್ಚಿದರೆ ಬರುತ್ತಿದ್ದ ವಾಸನೆಗೆ ನನಗೆ ಕಣ್ಣು ಕತ್ತಲೆ ಬಂತು. ಇನ್ನು ತಡ ಮಾಡಿದರೆ ಪಾದ ಉಳಿಯುವುದಿಲ್ಲ ಎಂದು ಡಾಕ್ಟರು ಅಣ್ಣನಿಗೆ ಖಡಾಖಂಡಿತವಾಗಿ ಹೇಳಿದ್ದರು. ಅವ್ವ ಇಲ್ಲದ ಮನೆಯನ್ನು ನೆನೆಸಿಕೊಂಡು ನನಗೆ ಭಯವಾಯಿತು, ಸಿಟ್ಟೂ ಬಂತು. ಕೂಗುವುದಕ್ಕೆ ಶಕ್ತಿ ಇರಲಿಲ್ಲ. ಗಾಯ ತೊಳೆದು ನೆಲದ ಮೇಲೆ ಅವಳ ಕಾಲಿನ ಹತ್ತಿರ ಕೂತೆ. ಬೇರೇನೂ ತೋಚದೆ, ಜೈಲಿನಲ್ಲಿ ಗುರುತು ಪರಿಚಯ ಇಲ್ಲದವರನ್ನು ಕೇಳುವ ಪ್ರಶ್ನೆಗಳನ್ನೇ ಒಂದೊಂದಾಗಿ ಕೇಳತೊಡಗಿದೆ. ಮೊದಲು ಕರೆದುಕೊಂಡು ಹೋದವರು ಯಾರು, ಅಲ್ಲಿ ಇಷ್ಟವಾದದ್ದು ಏನು, ಇಷ್ಟವಾಗದ್ದು ಏನು. ಅವ್ವ ಸಲೀಸಾಗಿ ಉತ್ತರ ಕೊಟ್ಟಳು. ಗುರೂಜಿಯ ಬಾಯಿ ದೊಡ್ಡದು, ಅವನ ಎಲೆ ನೀರು ಚೆನ್ನಾಗಿಲ್ಲ, ಎರಡು ಹೊತ್ತೂ ವಾಕರಿಕೆ ಬರುತ್ತೈತೆ ಎಂದಳು. ನನಗೆ ಆಶ್ಚರ್ಯವಾಯಿತು. ಕೊನೆಯ ಪ್ರಶ್ನೆ ಕೇಳಿದೆ.

“ಬಿಟ್ರೆ ಏನಾಗ್ತೈತವ್ವ?”

ಇದಕ್ಕೆ ಜೈಲಿನವರು, ನನ್ನನ್ನು ಮುಗಿಸುತ್ತಾರೆ ಎನ್ನುತ್ತಾರೆ, ಇಲ್ಲವೇ ನನಗೆ ಯಾರೂ ಇರುವುದಿಲ್ಲ ಎನ್ನುತ್ತಾರೆ.

“ನೀನ್ ಸಾಯ್ತೀಯ” ಎಂದಳು ಅವ್ವ.

ಅಡುಗೆಮನೆಯಲ್ಲಿ ಅತ್ತಿಗೆ ಸ್ಟೌ ಆರಿಸಿದ್ದು ಕೇಳಿಸಿತು. ಅವ್ವ ಗೋಡೆ ನೋಡುತ್ತ ಹೇಳಿದಳು. ಸಭೆಯ ಕೊನೆಯಲ್ಲಿ ಗುರೂಜಿ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿದನಂತೆ. ನೀವು ಯಾರನ್ನು ಬಿಟ್ಟು ಬದುಕಲಾರಿರೋ ಅವರ ತಲೆ ಮುಟ್ಟಿದಂತೆ ಕೈಯೆತ್ತಿ, ಇನ್ನು ಮಾತ್ರೆ ಮುಟ್ಟುವುದಿಲ್ಲ ಎಂದು ಆಣೆ ಮಾಡಿ ಎಂದನಂತೆ. “ಎಲ್ರೂ ಎತ್ತಿದ್ರು, ನಾನೂ ಎತ್ತಿದೆ. ಮೈಕಲ್ಲಿ ಹೇಳಿಸ್ಬಿಟ್ಟ ಕಣೇ. ಬಾಯಲ್ಲಿ ನಿನ್ ಹೆಸ್ರೇ ಬಂತು.”

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಣ್ಣನಿಗೆ ಬೇರೆಯದೇ ಉರಿ. “ನನ್ ಹೆಸ್ರು ಯಾಕೆ ಬರಲಿಲ್ಲ? ದಿನಾ ಆಸ್ಪತ್ರೆಗೆ ಹೊತ್ಕೊಂಡು ತಿರುಗೋನು ನಾನು!”

“ನಿನ್ನ ಮೇಲೆ ಇಟ್ಟಿದ್ರೆ ಅವತ್ತು ಸಾಯಂಕಾಲಾನೇ ಮಾತ್ರೆ ನುಂಗ್ತಿದ್ದೆ ಬಿಡು” ಎಂದಳು ಅವ್ವ.

ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅಣ್ಣನೂ ನಗಲು ಶುರುಮಾಡಿದ. ನನಗೆ ಮಾತ್ರ ಅಳು ಬಂತು, ಮೂಗು ಸೋರುವಂಥ ಅಸಹ್ಯ ಅಳು. ಶಾಲು, ಚೇರು, ಅಡ್ಮಿನ್‌ಗಿರಿ ಎಂದು ನಾನು ಕತೆ ಕಟ್ಟುತ್ತಿದ್ದಾಗ ಈ ಹೆಂಗಸು ತನ್ನ ಕಾಲು ಕೊಟ್ಟು ನನ್ನ ತಲೆ ಉಳಿಸಿಕೊಳ್ಳುತ್ತಿದ್ದಳು. ಆ ಫ್ಯಾನಿನ ಕೆಳಗಿಂದ ಈಚೆ ಬಾ ಎಂದದ್ದು ನೆನಪಾಗಿ ಇನ್ನೂ ಜೋರಾಗಿ ಅತ್ತೆ. “ನೀನ್ಯಾಕೆ ಅಳ್ತೀಯೇ, ನಿನಗೇನಾಗೈತೆ? ಗುಂಡುಕಲ್ಲಿನಂಗೆ ಇದೀಯ” ಎಂದು ಅವ್ವ ಗದರಿದಳು.

ಅಳುತ್ತಳುತ್ತಲೇ ಒಂದು ಹಳೆಯ ಸಂಗತಿ ಹೊಳೆಯಿತು. ಚಿಕ್ಕಂದಿನಲ್ಲಿ ನಾನೂ ಅಣ್ಣನೂ ಜಗಳವಾಡಿ, ನಿನ್ನಾಣೆಗೂ ನಿನ್ನ ಹತ್ತಿರ ಮಾತಾಡಲ್ಲ ಎಂದರೆ ಅವ್ವ ಇಬ್ಬರ ತಲೆ ತಟ್ಟಿ, ತನ್ನ ತವರಿನ ತೆಲುಗಿನಲ್ಲಿ, “ಒಟ್ಟು ತೀಸಿ ಗಟ್ಟು ಮೀದ ಪೆಟ್ಟು” ಎನ್ನುತ್ತಿದ್ದಳು. ಆಣೆಯನ್ನು ತೆಗೆದು ಕೆರೆಯ ಏರಿಯ ಮೇಲೆ ಇಡು ಎಂದು ಅರ್ಥ. ಅಷ್ಟು ಹೇಳಿದರೆ ಆಣೆ ಇಳಿಯಿತು, ಮತ್ತೆ ಜೊತೆಗೆ ಆಡಬಹುದು. ನಾನು ಮೂಗು ಒರೆಸಿಕೊಂಡು, ನನ್ನ ತಲೆಯನ್ನು ನಾನೇ ತಟ್ಟಿಕೊಂಡು ಅದನ್ನು ಹೇಳಿದೆ.

ಅವ್ವ ತಲೆಯಾಡಿಸಿದಳು. “ಅದು ಹುಡುಗರ ಆಣೆಗೆ. ಇದು ಮಂಟಪದಲ್ಲಿ ಮೈಕ್ ಹಿಡ್ಕೊಂಡು ಮಾಡಿದ್ದು. ಇಲ್ಲಿ ಕೂತ್ಕೊಂಡು ಬಾಯಲ್ಲಿ ಅಂದ್ರೆ ಹೋಗ್ತೈತಾ? ಗಟ್ಟಿಗೇ ಹೋಗ್ಬೇಕು.”

“ಯಾವ ಗಟ್ಟಿಗೆ?”

“ನಮ್ಮೂರ ಕೆರೆ ಗಟ್ಟು. ಇನ್ಯಾವ ಗಟ್ಟೈತೆ?”

ಎದುರಿನವರು ತಾವಾಗಿಯೇ ಷರತ್ತು ಹೇಳಿದರೆ ಮರುಮಾತಾಡದೆ ಒಪ್ಪಿಕೊಳ್ಳಿ ಎಂಬ ಪಾಠವೊಂದು ಇದೆ. ಅದನ್ನಾದರೂ ಪಾಲಿಸಿದೆ. ಮರುದಿನ ಬೆಳಿಗ್ಗೆ ಅಣ್ಣನ ಕಾರಿನಲ್ಲಿ ನಾಲ್ವರೂ ಬಳ್ಳಾರಿ ರಸ್ತೆ ಹಿಡಿದೆವು. ಅತ್ತಿಗೆ ನೀರಿನ ಬಾಟಲಿ, ಮಾತ್ರೆ, ಯಾವುದಕ್ಕೂ ಇರಲಿ ಎಂದು ಚಿತ್ರಾನ್ನವನ್ನೂ ಕಟ್ಟಿಕೊಂಡಿದ್ದಳು. ರಾಂಪುರ ದಾಟಿ ಒಳದಾರಿಗೆ ಹೊರಳಿದ ಮೇಲೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಭರ್ರನೆ ತಿರುಗುತ್ತಿದ್ದವು. ಕೆರೆಯಲ್ಲಿ ನೀರಿಗಿಂತ ಜಾಲಿಯೇ ಹೆಚ್ಚಿತ್ತು. ಏರಿಯ ಬುಡದಲ್ಲಿ ಕಾರು ನಿಲ್ಲಿಸಿ ಅಣ್ಣ ಅವ್ವನನ್ನು ಬೆನ್ನ ಮೇಲೆ ಕೂಸುಮರಿ ಮಾಡಿಕೊಂಡು ಹತ್ತಿದ. “ಹೆಸ್ರು ಇವಳದ್ದು, ಹೊರೋನು ನಾನು” ಎಂದು ಏದುಸಿರಿನಲ್ಲೂ ಗೊಣಗುವುದನ್ನು ಬಿಡಲಿಲ್ಲ.

ಏರಿಯ ಮೇಲೆ ಮೇಕೆ ಮೇಯಿಸುತ್ತಿದ್ದ ಹೆಂಗಸೊಬ್ಬಳು ಏನು ಮಾಡುತ್ತಿದ್ದೀರಿ ಎಂದು ತೆಲುಗಿನಲ್ಲಿ ಕೇಳಿದಳು. ಆಣೆ ಇಳಿಸುತ್ತಿದ್ದೇವೆ ಎಂದು ಅವ್ವ ತೆಲುಗಿನಲ್ಲೇ ಹೇಳಿದಳು. ನಾನು ನಾಚಿಕೆಯಿಂದ ಮುಖ ತಿರುಗಿಸಿಕೊಂಡೆ. ಆ ಹೆಂಗಸು ಮಾತ್ರ, ಈ ಕಡೆ ಇಡಬೇಡಿ, ಮೇಕೆ ತುಳಿಯುತ್ತವೆ, ಆ ಕಡೆ ಇಡಿ ಎಂದು ಜಾಗ ತೋರಿಸಿ ಮುಂದೆ ಹೋದಳು.

“ನಗಬ್ಯಾಡ” ಎಂದಳು ಅವ್ವ. “ನಕ್ರೆ ಇಳಿಯಲ್ಲ. ಮನಸ್ಸಿಟ್ಟು ತೆಗೀಬೇಕು.”

ನನಗೆ ದೇವರಲ್ಲಿ ನಂಬಿಕೆಯಿಲ್ಲ, ಆಣೆಯಲ್ಲಿ ಮೊದಲೇ ಇಲ್ಲ. ಆದರೆ ಅವ್ವ ಕೂಸಿನ ನೆತ್ತಿ ಮುಚ್ಚುವಂತೆ ನನ್ನ ನೆತ್ತಿಯ ಮೇಲೆ ಅಂಗೈ ಒತ್ತಿ ಹಿಡಿದಳು. ನಗು ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ಒಟ್ಟು ತೀಸಿ ಎನ್ನುತ್ತ ಎರಡೂ ಕೈಯಿಂದ ತಲೆಯ ಮೇಲಿದ್ದದ್ದನ್ನು ಎತ್ತಿಕೊಂಡೆ, ಗಟ್ಟು ಮೀದ ಪೆಟ್ಟು ಎನ್ನುತ್ತ ಬಗ್ಗಿ ಮಣ್ಣಿನ ಮೇಲೆ ಇಟ್ಟೆ. ಇಡುವಾಗ ಬೀಳಬಾರದು ಎಂದು ಜೋಪಾನವಾಗಿಯೇ ಇಟ್ಟೆ. ಅದರ ಮೇಲೊಂದು ಕಲ್ಲು ಹೇರಿದೆ. ಅಣ್ಣ ಇರಲಿ ಎಂದು ಇನ್ನೊಂದು ಕಲ್ಲು ತಂದಿಟ್ಟ.

ಅತ್ತಿಗೆ ಮಾತ್ರೆ ಕೊಟ್ಟಳು. ಅವ್ವ ಅದನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ನನ್ನನ್ನೇ ದಿಟ್ಟಿಸಿದಳು. ನೀರು ಕುಡಿಯುವಾಗಲೂ ಕಣ್ಣು ತೆಗೆಯಲಿಲ್ಲ. ನುಂಗಿದ ಮೇಲೂ ನೋಡುತ್ತಲೇ ಇದ್ದಳು. ನಾನು ಉಸಿರು ಬಿಗಿಹಿಡಿದು ನೆಟ್ಟಗೆ ನಿಂತಿದ್ದೆ. ಕಡೆಗೆ ಅವಳು, “ಬಿಸಿಲಿಗೆ ನಿಂತ್ಕಾಬ್ಯಾಡ, ಕಾರೊಳಗೆ ಕೂತ್ಕಾ ಹೋಗು” ಎಂದಳು. ಅಲ್ಲಿಂದ ನೇರವಾಗಿ ಆಸ್ಪತ್ರೆಗೆ ಹೋದೆವು. ಬೆರಳು ಹೋಯಿತು. ಪಾದ ಉಳಿಯಿತು.

ಅವ್ವ ಅಡ್ಮಿನ್‌ಗಿರಿಯನ್ನು ಬಿಡಲಿಲ್ಲ. ಕಾಲು ನೆಟ್ಟಗಾಗುತ್ತಿದ್ದಂತೆ ಗ್ರೂಪಿನಲ್ಲಿ, ಆಣೆ ಇಳಿಸುವ ದಾರಿ ಐತೆ, ಬರುವವರು ಹೆಸರು ಕೊಡಿ ಎಂದು ಸಾರಿದಳು. ಮಂಟಪದಲ್ಲಿ ಗಂಡನ ಮೇಲೆ, ಮೊಮ್ಮಕ್ಕಳ ಮೇಲೆ ಆಣೆ ಇಟ್ಟು ಒಳಗೊಳಗೇ ಹೆದರಿ ಸಾಯುತ್ತಿದ್ದ ಹೆಂಗಸರು ಬಾಡಿಗೆಗೆ ಒಂದು ಕ್ರೂಸರ್ ಗಾಡಿ ಮಾಡಿಕೊಂಡು ಆ ಏರಿಗೆ ಹೋಗಿ, ಸಾಲಾಗಿ ಕಲ್ಲು ಹೇರಿ ಬಂದರು. ಗುರೂಜಿ ಬೇರೆ ಊರು ನೋಡಿಕೊಂಡ. ನನ್ನ ಸಹೋದ್ಯೋಗಿಗಳು ಈ ವಿಧಾನವನ್ನು ಪ್ರಬಂಧವಾಗಿ ಬರೆ ಎಂದು ಜೀವ ತಿನ್ನುತ್ತಾರೆ. ಕೆರೆ ಏರಿ ಬೇಕಾಗುತ್ತದೆ, ಬೆನ್ನ ಮೇಲೆ ಹೊರಲು ಒಬ್ಬ ಅಣ್ಣ ಬೇಕಾಗುತ್ತದೆ ಎಂದು ತಪ್ಪಿಸಿಕೊಳ್ಳುತ್ತೇನೆ.

ಆಣೆ ಇಳಿಸಿ ಬಂದಂದಿನಿಂದ ದಿನಾ ಬೆಳಿಗ್ಗೆ ಅವ್ವ ಫೋನ್ ಮಾಡುತ್ತಾಳೆ. “ಇದೀಯಾ?” ಎನ್ನುತ್ತಾಳೆ. “ಇದೀನಿ” ಎನ್ನುತ್ತೇನೆ. “ಸರಿ” ಎಂದು ಇಟ್ಟುಬಿಡುತ್ತಾಳೆ. ತಿಂಡಿ ಆಯಿತಾ ಎಂದೂ ಕೇಳುವುದಿಲ್ಲ. ಇದೇನು ಹಾಜರಿ ಎಂದು ನಾನು ರೇಗಿದ್ದೂ ಉಂಟು. ಮೊನ್ನೆ ಒಂದು ಜೈಲಿಗೆ ಬೇಗ ಹೋಗಬೇಕಾಗಿ ಬಂದು, ಫೋನನ್ನು ಗೇಟಿನಲ್ಲಿ ಕೊಟ್ಟು ಒಳಗೆ ಹೋದೆ. ಹೊರಗೆ ಬಂದಾಗ ಮಧ್ಯಾಹ್ನವಾಗಿತ್ತು. ಫೋನು ತೆರೆದರೆ ಅತ್ತಿಗೆಯ ಮೆಸೇಜು. ಅತ್ತೆ ಬೆಳಗಿನಿಂದ ಮಾತ್ರೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಕೂತಿದ್ದಾರೆ, ನಿನ್ನ ಧ್ವನಿ ಕೇಳದೆ ನುಂಗುವುದಿಲ್ಲವಂತೆ, ಬೆವರಿಗೆ ಮಾತ್ರೆ ಕರಗುತ್ತಾ ಇದೆ ಎಂದಿತ್ತು.

ಗೇಟಿನ ಮುಂದೆ ನಿಂತೇ ಫೋನ್ ಮಾಡಿದೆ.

“ಇದೀನವ್ವ. ಇಲ್ಲೇ ಇದೀನಿ. ಅಲ್ಲಾ, ಆಣೆ ಗಟ್ಟಿನ ಮೇಲೆ ಇಟ್ಟು ಬಂದಿದೀವಿ, ಮೇಲೆ ಎರಡು ಕಲ್ಲು ಬೇರೆ ಹೇರಿದೀವಿ. ಇನ್ನೂ ಯಾಕೆ ಹೆದರ್ತೀಯಾ?”

“ಇಟ್ಟಿದೀವಿ” ಎಂದಳು ಅವ್ವ. “ಅಲ್ಲಿ ಗಾಳಿ ಬಾಳ ಐತಲ್ಲೇ.”

ಆಮೇಲೆ ನೀರು ಗುಟುಕರಿಸಿದ ಸದ್ದು ಕೇಳಿಸಿತು.